ಒಂದೇ ಸಲದ ವಿದೇಶಯಾನಕ್ಕೂ ಹಡಗಿನ ಸರ್ವೆ (ಸುರಕ್ಷತಾ ತಪಾಸಣೆ) ಬೇಕೆ?

ಪ್ರಶ್ನೆ: ನಮ್ಮ ಕರಾವಳಿಯಲ್ಲೇ ಓಡುವ 1,200 ಗ್ರಾಸ್ ಟನ್ನಿನ ಸರಕು ಹಡಗು ಒಮ್ಮೆ ಮಾತ್ರ ಕೊಲಂಬೊಗೆ ಹೋಗಬೇಕಿದೆ. ಸೋಲಾಸ್ (ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮಗಳಿಂದ ವಿನಾಯಿತಿ ಇದೆಯೇ?

ಉತ್ತರ: ಕೇಳಿ ಪಡೆಯಬೇಕು, ತಾನಾಗಿ ಸಿಗದು. ವಿದೇಶಕ್ಕೆ ಹೊರಡುವ 500 ಗ್ರಾಸ್ ಟನ್ ಮತ್ತು ಮೇಲಿನ ಸರಕು ಹಡಗಿಗೆ ಸೋಲಾಸ್ ಅನ್ವಯ. ಗ್ರಾಸ್ ಟನ್ ಎಂದರೆ ತೂಕವಲ್ಲ, ಒಳಗಾತ್ರದ ಅಳತೆ. ಇಲ್ಲೇ ಹಲವರು ಎಡವುತ್ತಾರೆ. ಅಪರೂಪದ ಒಂಟಿ ಯಾನಕ್ಕೆ ಸೋಲಾಸ್‌ನ ಮೊದಲ ಅಧ್ಯಾಯದ 4ನೇ ನಿಯಮದಡಿ ನೋಂದಣಿ ದೇಶದ ನೌಕಾ ಆಡಳಿತ ವಿನಾಯಿತಿ ಪತ್ರ ಕೊಡಬಹುದು. ಆದರೆ ಆ ಯಾನಕ್ಕೆ ಸಾಕಾಗುವಷ್ಟು ಸುರಕ್ಷತೆ ಇದೆಯೆಂದು ಅದಕ್ಕೆ ಒಪ್ಪಿಗೆಯಾಗಬೇಕು.

ಹೊರಡುವ ಮೊದಲು ಫೈರ್ ಡ್ಯಾಂಪರ್ (ಬೆಂಕಿ ಹರಡದಂತೆ ಗಾಳಿಕೊಳವೆಯನ್ನು ಮುಚ್ಚುವ ತಗಡು) ನೋಡಿ. ಹಿಡಿಕೆ ‘ಮುಚ್ಚಿದೆ’ ಎಂದು ತೋರಿಸಿದರೂ ಒಳಗಿನ ತಗಡು ತುಕ್ಕು ಹಿಡಿದು ಅರ್ಧಕ್ಕೇ ನಿಂತಿರಬಹುದು. ಒಳಗೆ ಟಾರ್ಚ್ ಬಿಟ್ಟೇ ಪರೀಕ್ಷಿಸಿ.

ಪದೇ ಪದೇ ಹೋಗುವುದಾದರೆ ಪೂರ್ಣ ಪ್ರಮಾಣಪತ್ರವೇ ಬೇಕು: ಅದರ ಅವಧಿ ಗರಿಷ್ಠ 5 ವರ್ಷ, ಪ್ರತಿ ವಾರ್ಷಿಕ ದಿನಾಂಕದ 3 ತಿಂಗಳು ಆಚೀಚೆ ಸರ್ವೆ, ಜೊತೆಗೆ ಆ 5 ವರ್ಷದಲ್ಲಿ ಎರಡು ಸಲ ತಳದ ತಪಾಸಣೆ, ನಡುವೆ 36 ತಿಂಗಳು ಮೀರದಂತೆ.