ಗೇರುಹಣ್ಣು ಭಾನುವಾರವೂ ಬೀಳುತ್ತದೆ

ಗೋವಾದ ಸಾಸಷ್ಟಿ ತಾಲ್ಲೂಕಿನ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆಯುತ್ತಾರೆ:

"ಕಳೆದ ವರ್ಷ ವಾಸ್ಕೋದ ಫ್ಲ್ಯಾಟ್ ಬಿಟ್ಟು ಹಳ್ಳಿಯ ಹಳೆಯ ಹೆಂಚಿನ ಮನೆಗೆ ಬಂದೆವು. ಸುತ್ತ ದೊಡ್ಡ ಹಿತ್ತಲು. ಗೇರು, ತೆಂಗು, ಒಂದು ಮುರುಗಲು (ಕೋಕಂ) ಮರ. ಹಿತ್ತಲಿನ ಆಸೆಗೇ ಬಂದವರು ನಾವು. ಈಗ ಈಸ್ಟರ್ ಹತ್ತಿರ ಬಂದಿದೆ, ದಿನವೂ ಹಣ್ಣು ಉದುರುತ್ತಿದೆ, ತರಗೆಲೆ ಮೊಣಕಾಲಿನವರೆಗೆ. ನನ್ನ ಗಂಡನಿಗೆ ಬಿಡುವಿರುವುದು ಶನಿವಾರ ಮಧ್ಯಾಹ್ನದ ಮೇಲೆ ಮತ್ತು ಭಾನುವಾರ. ಆರಾಧನೆ ಮುಗಿಸಿ ಬಂದವರೇ ಕತ್ತಿ, ಗುದ್ದಲಿ ಹಿಡಿಯುತ್ತಾರೆ. ಗದಗದ ಪಕ್ಕದ ಬೆಟಗೇರಿಯವರಾದ ಅತ್ತೆಯವರಿಗೆ ಇದು ಸಹಿಸದು. ಅವರ ತವರಿನಲ್ಲಿ ಭಾನುವಾರ ಕಸಬರಿಗೆಯನ್ನೂ ಮುಟ್ಟುತ್ತಿರಲಿಲ್ಲವಂತೆ. ಜಗಳ ಬೇಡವೆಂದು ಗಂಡ ಒಂದು ದಾರಿ ಹೇಳಿದ್ದಾರೆ. ಮಡಗಾಂವಿನಲ್ಲಿ ನಮ್ಮ ಕಡೆಯ ಕೂಲಿಯವರು ಸಿಗುತ್ತಾರೆ. ಭಾನುವಾರ ಒಬ್ಬರನ್ನು ಕರೆದರೆ ಹಿತ್ತಲೂ ಚೊಕ್ಕವಾಗುತ್ತದೆ, ನಮಗೂ ವಿಶ್ರಾಂತಿ. ಇದು ಸರಿಯೇ? ಇನ್ನೊಂದು ಸಣ್ಣ ಪ್ರಶ್ನೆ. ಪಕ್ಕದ ಮನೆಯ ಕ್ಯಾಥೊಲಿಕ್ ಹಿರಿಯರು ಗೇರುಹಣ್ಣನ್ನು ತಮ್ಮ ಭಟ್ಟಿಗೆ ಕೇಳುತ್ತಿದ್ದಾರೆ. ನಮ್ಮದು ಕುಡಿತ ಮುಟ್ಟದ ಮನೆ. ಕೊಡಬಹುದೇ?"

ಪ್ರಿಯ ಸಹೋದರಿ,

ಮೊದಲ ಪ್ರಶ್ನೆಗೆ ಸುತ್ತಿ ಬಳಸದೆ ಉತ್ತರ ಹೇಳಿಬಿಡುತ್ತೇನೆ. ಭಾನುವಾರ ಕೂಲಿಯವನನ್ನು ಕರೆಯಬೇಡಿ. ಅದಕ್ಕಿಂತ ನಿಮ್ಮ ಯಜಮಾನರೇ ಬೆವರು ಸುರಿಸಿ ತರಗೆಲೆ ಗುಡಿಸುವುದು ಮೇಲು. ಅತ್ತೆಯವರಿಗೆ ಈ ಮಾತು ಕಹಿಯಾದೀತು. ಆದರೆ ಅವರು ಓದುವ ಸತ್ಯವೇದವನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿಯ ದಿನದ, ಆಜ್ಞೆ ಅಲ್ಲಿ ಎರಡು ಕಡೆ ಬರುತ್ತದೆ, ಕೊಡುವ ಕಾರಣ ಮಾತ್ರ ಬೇರೆ ಬೇರೆ. ವಿಮೋಚನಕಾಂಡದ 20ನೆಯ ಅಧ್ಯಾಯದ ಪ್ರಕಾರ ದೇವರು ಆರು ದಿನ ಸೃಷ್ಟಿ ಮಾಡಿ ಏಳನೆಯ ದಿನ ವಿಶ್ರಮಿಸಿದನು, ಆದ್ದರಿಂದ ನೀವೂ ವಿಶ್ರಮಿಸಿ. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯ ಸೃಷ್ಟಿಯ ಮಾತೆತ್ತುವುದಿಲ್ಲ. ನೀವು ಐಗುಪ್ತದಲ್ಲಿ ದಾಸರಾಗಿದ್ದಿರಿ, ಅದನ್ನು ನೆನಪಿಟ್ಟುಕೊಳ್ಳಿ ಎನ್ನುತ್ತದೆ. ಮೊದಲನೆಯದನ್ನು ನಮ್ಮ ಸಂಡೇ ಸ್ಕೂಲುಗಳಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ, ಎರಡನೆಯದನ್ನು ಓದಿ ದಾಟಿಬಿಡುತ್ತೇವೆ. ಅಲ್ಲಿ ವಿಶ್ರಮಿಸಬೇಕಾದವರ ಪಟ್ಟಿ ಉದ್ದವಾಗಿದೆ: ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಊರಿಗೆ ಬಂದು ನೆಲೆಸಿದ ಪರದೇಶಿ. ದಾಸನೂ ದಾಸಿಯೂ ನಿನ್ನ ಹಾಗೆಯೇ ವಿಶ್ರಮಿಸಿಕೊಳ್ಳಲಿ ಎಂದು ಬಿಡಿಸಿಯೂ ಹೇಳಿದೆ.

ಬೆಳಿಗ್ಗೆ ಬುತ್ತಿ ಹಿಡಿದು ಮಡಗಾಂವಿನಲ್ಲಿ ಕೆಲಸಕ್ಕೆ ಕಾದು ನಿಲ್ಲುವ ಬಾಗಲಕೋಟೆಯವನು, ವಿಜಯಪುರದವನು, ಗದಗದವನು ಈ ಪಟ್ಟಿಯಲ್ಲಿ ಇದ್ದಾನೆಯೇ ಇಲ್ಲವೇ? ಗೋವಾಕ್ಕೆ ಅವನು ಹೊರಗಿನವನು, ನೀವೂ ಹೊರಗಿನವರು. ಇಬ್ಬರದೂ ಒಂದೇ ಭಾಷೆ, ಒಂದೇ ಜೋಳದ ರೊಟ್ಟಿ. ನೀವು ಮನೆಮುಂದಿನ ಬಲ್ಕಾಂವಿನ ಕಟ್ಟೆಯಲ್ಲಿ ಕುಳಿತು ಕೀರ್ತನೆ ಹಾಡುವಾಗ ಅವನು ಹಿಂದುಗಡೆ ಗುದ್ದಲಿ ಹಾಕುತ್ತಿದ್ದರೆ ನಿಮ್ಮ ಮನೆಯಲ್ಲಿ ಆ ದಿನ ಸಬ್ಬತ್ ನಡೆಯಲಿಲ್ಲ. ಕೆಲಸ ಕೈ ಬದಲಾಯಿಸಿತು, ಅಷ್ಟೆ.

ಮುಂಬಯಿಯಲ್ಲಿ ಕುಳಿತು ಪತ್ರಿಕೆ ನಡೆಸುವವನು ಈ ವಿಷಯದಲ್ಲಿ ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಇಲ್ಲಿನ ಹತ್ತಿ ಗಿರಣಿಗಳಲ್ಲಿ ಒಂದು ಕಾಲಕ್ಕೆ ವಾರದ ರಜೆಯೇ ಇರಲಿಲ್ಲ. ಜೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ 1884ರಿಂದ ಗಿರಣಿ ಕಾರ್ಮಿಕರನ್ನು ಕೂಡಿಸಿ, ಸಭೆ ನಡೆಸಿ, ಮನವಿಯ ಮೇಲೆ ಮನವಿ ಕೊಟ್ಟರು. 1890ರ ಜೂನ್ 10ರಂದು ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಭಾನುವಾರವೇ ಏಕೆಂದರೆ ಅದು ಖಂಡೋಬನ ವಾರ ಎಂಬುದೂ ಲೋಖಂಡೆಯವರ ಒಂದು ವಾದವಾಗಿತ್ತು. ಆ ಖಂಡೋಬ ನಮ್ಮ ಕಡೆಯ ಮೈಲಾರಲಿಂಗ! ಭಾನುವಾರದ ರಜೆ ಮಿಷನರಿಗಳ ಹಿಂದೆಯೇ ಬಂದದ್ದೆಂದು ಅತ್ತೆಯವರು ತಿಳಿದಿದ್ದರೆ ಈ ಸಂಗತಿಯನ್ನು ಅವರಿಗೆ ಓದಿ ಹೇಳಿ, ನಗಬಹುದು. ಗಿರಣಿಗೆ ರಜೆ ಬಂದ ಮೇಲೂ ಮುಂಬಯಿಯ ನಮ್ಮ ಹೋಟೆಲುಗಳಲ್ಲಿ ತಟ್ಟೆ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಕರಾವಳಿಯ ಹುಡುಗರಿಗೆ ಭಾನುವಾರವೇ ಸೊಂಟ ಮುರಿಯುವ ದಿನವಾಗಿತ್ತು. ಊರೆಲ್ಲ ರಜೆಯಲ್ಲಿದ್ದರೆ ದೋಸೆಕಲ್ಲಿಗೆ ಬಿಡುವೆಲ್ಲಿ? ಒಬ್ಬರ ವಿಶ್ರಾಂತಿಯ ಹಿಂದೆ ಇನ್ನೊಬ್ಬರ ದುಡಿಮೆ ನಿಂತಿರುವುದು ಕಣ್ಣಿಗೆ ಬೀಳುವ ಊರು ಇದು.

ಇನ್ನು ಯಜಮಾನರ ಪಕ್ಷ. ಕಾಲ ಮೀರಿದರೆ ಕೆಲಸ ಕೆಡುತ್ತದೆ ಎಂಬುದು ಅವರ ಮಾತಿನ ತಿರುಳು ಎಂದುಕೊಳ್ಳುತ್ತೇನೆ. ಅವರ ಹಿಂದೆ ದೊಡ್ಡ ಸಾಕ್ಷಿಯೇ ಇದೆ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ 321ರಲ್ಲಿ ಭಾನುವಾರದ ವಿಶ್ರಾಂತಿಯನ್ನು ಕಾನೂನು ಮಾಡಿದಾಗ ನ್ಯಾಯಾಧೀಶರು, ಪಟ್ಟಣದ ಜನ, ಕುಶಲಕರ್ಮಿಗಳು ಕೆಲಸ ನಿಲ್ಲಿಸಬೇಕೆಂದ. ಹಳ್ಳಿಯ ಬೇಸಾಯಗಾರರಿಗೆ ಮಾತ್ರ ಕೆಲಸ ಮಾಡಲು ಬಿಟ್ಟ. ಕಾಳು ಬಿತ್ತಲು, ದ್ರಾಕ್ಷಿ ಬಳ್ಳಿ ನೆಡಲು ಅಷ್ಟು ಹದವಾದ ದಿನ ಮತ್ತೆ ಸಿಗದೆ ಹೋಗಬಹುದು ಎಂಬ ಕಾರಣವನ್ನೂ ಆ ಕಾನೂನಿನಲ್ಲೇ ಬರೆಸಿದ. ಮೆಚ್ಚಬೇಕಾದ ವಿವೇಕ. ಆದರೆ ವಿಮೋಚನಕಾಂಡ 34:21 ಇದಕ್ಕೆ ನೇರ ಎದುರಾಗಿದೆ: ಉಳುವ ಕಾಲದಲ್ಲೂ ಕೊಯ್ಲಿನ ಕಾಲದಲ್ಲೂ ಏಳನೆಯ ದಿನ ಕೆಲಸ ನಿಲ್ಲಿಸಬೇಕು. ಆಜ್ಞೆಯನ್ನು ಕೇಳಿದವರು ಬಿಡುವಾಗಿ ಕುಳಿತ ಜನರಲ್ಲ. ಐಗುಪ್ತದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕಹಬ್ಬದ ತಿಂಗಳೆಂದರೆ ಅವರ ನಾಡಿನಲ್ಲಿ ಜವೆಗೋಧಿಯ ತೆನೆ ಬಲಿಯುವ ತಿಂಗಳು. ನಮ್ಮ ಈಸ್ಟರ್ ಮಾರ್ಚ್ 21ರ ಹುಣ್ಣಿಮೆಯ ಅಥವಾ ಆ ಬಳಿಕದ ಮೊದಲ ಹುಣ್ಣಿಮೆಯ ನಂತರದ ಭಾನುವಾರ ಬರುವುದರಿಂದ ಪ್ರತಿವರ್ಷವೂ ಮಾರ್ಚ್ 22 ಮತ್ತು ಏಪ್ರಿಲ್ 25ರ ನಡುವೆಯೇ ಬೀಳುತ್ತದೆ. ಗೋವಾದಲ್ಲಿ ಗೇರು ಸುಗ್ಗಿ ಭರದಲ್ಲಿರುವುದೂ ಆಗಲೇ. ಮುಂದಿನ ವರ್ಷ ಬೇರೆಯಾದೀತೆಂದು ಕಾಯಬೇಡಿ, ಹಬ್ಬವೂ ಹಣ್ಣೂ ಒಟ್ಟಿಗೇ ಬರುತ್ತವೆ.

ಎತ್ತಿನ ವಿಷಯದಲ್ಲಿ ಸತ್ಯವೇದದ ಹೊರಗೂ ನಮಗೆ ಇದು ಹೊಸದಲ್ಲ. ಗದಗ, ಧಾರವಾಡದ ರೈತ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಹದ ಹೋಗುತ್ತದೆಂದು ಯಾರೂ ಅದನ್ನು ಮುರಿಯಲು ಅವಸರಪಡುತ್ತಿರಲಿಲ್ಲ. ನಿಮ್ಮ ಅತ್ತೆಯವರ ಹಿರಿಯರೂ ಇದೇ ನೆಲದವರು. ಪ್ರಾಟೆಸ್ಟಂಟ್ ಮಿಷನರಿಗಳ ಬಾಸೆಲ್ ಮಿಷನ್ 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರುವ ಮೊದಲೇ ವಾರದಲ್ಲೊಂದು ದಿನ ನೇಗಿಲು ನಿಲ್ಲಿಸುವುದು ಆ ಸೀಮೆಯ ಕೈಗಳಿಗೆ ರೂಢಿಯಾಗಿತ್ತು.

ಹಾಗಾದರೆ ಹಿತ್ತಲಿನ ಗತಿ? ಇಲ್ಲಿ ಸ್ವಲ್ಪ ವಿವರಕ್ಕೆ ಇಳಿಯಬೇಕು, ಏಕೆಂದರೆ ನಿಮ್ಮ ಮನೆಯ ಜಗಳದ ಅರ್ಧ ಪಾಲು ತರಗೆಲೆಯದು, ಮತ್ತು ತರಗೆಲೆ ಯಾವ ತುರ್ತಿನ ವಸ್ತುವೂ ಅಲ್ಲ. ಫ್ಲ್ಯಾಟಿನಿಂದ ಬಂದವರಿಗೆ ಅಂಗಳವೆಂದರೆ ನೆಲ ಕಾಣಬೇಕು. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಹಿತ್ತಲಿನ ಮಣ್ಣನ್ನು ಬೆತ್ತಲೆ ಬಿಡುವುದು ಗಿಡಗಳಿಗೆ ಒಳ್ಳೆಯದಲ್ಲ. ಮನೆಯ ಗೋಡೆಯ ಪಕ್ಕ ಮತ್ತು ನಡೆಯುವ ದಾರಿಯಲ್ಲಿ ಮಾತ್ರ ಗುಡಿಸಿ. ಹಾವು, ಗೆದ್ದಲಿನ ಭಯ ಇರುವುದು ಅಲ್ಲಿ. ಉಳಿದ ಎಲೆಯನ್ನು ತೆಂಗಿನ ಬುಡದ ಪಾತಿಗೆ ತುಂಬಿ, ಮೇಲೆ ತೆಂಗಿನ ಸಿಪ್ಪೆ ಹರಡಿ. ಹಾಕಿದ ನೀರು ಆರದೆ ನಿಲ್ಲುತ್ತದೆ, ಮಳೆಗಾಲದಲ್ಲಿ ಅದೇ ಗೊಬ್ಬರವಾಗುತ್ತದೆ. ದಯವಿಟ್ಟು ಬೆಂಕಿ ಹಚ್ಚಬೇಡಿ. ಚೊಕ್ಕ ಮಾಡುವ ಹಠವನ್ನು ಬಿಟ್ಟರೆ ನಿಮ್ಮ ಯಜಮಾನರ ಭಾನುವಾರದ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ಗೇರಿನದು ಬೇರೆ ಲೆಕ್ಕ. ಬೀಜ ಒಣ ನೆಲದ ಮೇಲೆ ಒಂದು ದಿನ ಬಿದ್ದಿದ್ದರೆ ಏನೂ ಆಗುವುದಿಲ್ಲ. ಹಣ್ಣು ಮಾತ್ರ ಮರುದಿನಕ್ಕೆ ಹುಳಿತು ನೊಣ ಎಬ್ಬಿಸುತ್ತದೆ. ಆರಾಧನೆಗೆ ಹೊರಡುವ ಮುಂಚೆ ಬೆಳಗಿನ ತಂಪಿನಲ್ಲಿ ಮಕ್ಕಳೊಡನೆ ಸ್ವಲ್ಪ ಹೊತ್ತು ಹಣ್ಣು ಆರಿಸಿದರೆ ನನಗೇನೂ ಅಡ್ಡಿ ಕಾಣುವುದಿಲ್ಲ. ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ತಿನಲ್ಲಿಯೂ ಮೇಲೆತ್ತುವುದಿಲ್ಲವೇ ಎಂದು ಲೂಕನ 14ನೆಯ ಅಧ್ಯಾಯದಲ್ಲಿ ಕೇಳಿದವನು ಕೊಳೆಯುವ ಹಣ್ಣಿಗೂ ಅದನ್ನೇ ಹೇಳಿಯಾನು. ಮಕ್ಕಳು ಹಸಿ ಬೀಜವನ್ನು ಕಚ್ಚದಂತೆ, ಒಲೆಗೆ ಹಾಕದಂತೆ ನೋಡಿಕೊಳ್ಳಿ. ಸಿಪ್ಪೆಯ ಎಣ್ಣೆ ತಗಲಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಮುರುಗಲು ಹಣ್ಣನ್ನು ಶನಿವಾರ ಕತ್ತರಿಸಬೇಡಿ. ಕತ್ತರಿಸಿದ ಮೇಲೆ ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಒಣಗಿಸುವುದು, ಮತ್ತೆ ಅದ್ದುವುದು ದಿನಗಟ್ಟಲೆ ನಡೆಯುತ್ತದೆ, ನಡುವೆ ನಿಲ್ಲಿಸಲಾಗದು. ಸೋಮವಾರ ಶುರುಮಾಡಿ. ಮನೆಯ ಮಾಡಿನ (ಛಾವಣಿಯ) ಕೆಲಸ ಮಾತ್ರ ಮೇ ತಿಂಗಳೊಳಗೆ ಆಗಲೇಬೇಕು, ಗೋವಾಕ್ಕೆ ಮಳೆ ಜೂನ್ ಮೊದಲ ವಾರದ ಹೊತ್ತಿಗೆ ಬಂದುಬಿಡುತ್ತದೆ. ಹೆಂಚು ತಿರುಗಿಸುವಾಗ ಹಿಂಬದಿಯ ಅಚ್ಚನ್ನು ಓದಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ತೆರೆದ ಕಾರ್ಖಾನೆಯ ಹೆಂಚು ಒಂದಾದರೂ ಸಿಕ್ಕರೆ ಅತ್ತೆಯವರಿಗೆ ತೋರಿಸಲು ಮರೆಯಬೇಡಿ.

ಈ ಮಾಡಿನ ಕೆಲಸಕ್ಕೆ, ತೆಂಗಿನ ಪಾತಿ ತೆಗೆಯಲಿಕ್ಕೆ ಮಡಗಾಂವಿನ ಆ ಮನುಷ್ಯನನ್ನು ಖಂಡಿತ ಕರೆಯಿರಿ, ವಾರದ ದಿನ ಕರೆಯಿರಿ. "ಅವನಿಗೆ ಭಾನುವಾರದ ಕೂಲಿಯೂ ಬೇಕಲ್ಲ, ಬೇಡವೆನ್ನಲು ನಾವು ಯಾರು?" ಎಂದು ಯಜಮಾನರು ಕೇಳಬಹುದು. ನ್ಯಾಯವಾದ ಪ್ರಶ್ನೆ. ದಿನಗೂಲಿಯವನ ವಿಶ್ರಾಂತಿ ಎಂದರೆ ಅವನ ಹಸಿವು ಆಗಬಾರದು. ಅದಕ್ಕೇ ಒಂದು ಭಾನುವಾರ ಕರೆದು ಮರೆಯುವ ಬದಲು, ಮಳೆ ಬರುವವರೆಗೆ ವಾರಕ್ಕೆ ಎರಡು ದಿನ ನಿಮ್ಮಲ್ಲೇ ಬರಲಿ ಎಂದು ಮಾತು ಕೊಡಿ. ಕೂಲಿಯವರು ಸೇರುವ ನಾಕಾದಲ್ಲಿ ನಿಂತು ಕೆಲಸ ಸಿಗದೆ ತಿರುಗುವವನಿಗೆ ಖಾತ್ರಿಯಿರುವ ಎರಡು ದಿನ ದೊಡ್ಡದು. ಯಜಮಾನರು ಮನೆಯಲ್ಲಿ ಇಲ್ಲದ ದಿನ ಕೆಲಸ ನೀವು ತೋರಿಸಬೇಕಾಗುತ್ತದೆ, ಅದೂ ಕನ್ನಡದಲ್ಲಿ, ಕಷ್ಟವೇನಲ್ಲ. ಕೂಲಿಯನ್ನು ಅಂದಂದೇ, ಹೊತ್ತು ಮುಳುಗುವ ಮುಂಚೆ ಕೊಡಿ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ ಇದೂ ಆಜ್ಞೆಯೇ. ಭಾನುವಾರದ ಬಗ್ಗೆ ಬಿಗಿಯಾಗಿದ್ದು ಕೂಲಿಯ ಬಗ್ಗೆ ಸಡಿಲವಾಗಿರುವ ಕ್ರೈಸ್ತ ಮನೆಗಳನ್ನು ನಾನು ಕಂಡಿದ್ದೇನೆ.

ಯಜಮಾನರ ಪರವಾಗಿ ಇನ್ನೊಂದು ಮಾತು. ವಾರವೆಲ್ಲ ಕುರ್ಚಿಯಲ್ಲಿ ಕೂರುವವರಿಗೆ ಮಣ್ಣು ಮುಟ್ಟುವುದೇ ವಿಶ್ರಾಂತಿಯಾಗಿರಬಹುದು. ಪರೀಕ್ಷೆ ಸುಲಭ. ಊಟಕ್ಕೆ ಕರೆದಾಗ ಗುದ್ದಲಿಯನ್ನು ಅಲ್ಲೇ ಬಿಟ್ಟು ಬರುತ್ತಾರೆಯೇ, ಅಥವಾ "ಇದೊಂದು ಸಾಲು ಮುಗಿಸಿ ಬರುತ್ತೇನೆ" ಎಂದು ಸಿಡುಕುತ್ತಾರೆಯೇ? ಬಿಟ್ಟು ಬರುವುದಾದರೆ ಭಾನುವಾರ ಸಂಜೆ ಮಲ್ಲಿಗೆ ಬಳ್ಳಿಗೆ ನೀರು ಹಾಕಲಿ, ಅತ್ತೆಯವರೂ ಜೊತೆಗೆ ನಿಲ್ಲಲಿ. ಪುನರುತ್ಥಾನದ ಬೆಳಿಗ್ಗೆ ಮಗ್ದಲದ ಮರಿಯಳು ಯೇಸುವನ್ನು ಕಂಡು ತೋಟಗಾರನೆಂದು ತಿಳಿದಳು ಎಂದು ಯೋಹಾನ ಬರೆಯುತ್ತಾನೆ. ಅದು ವಾರದ ಮೊದಲ ದಿನ, ಆ ಕಾಲಕ್ಕೆ ದುಡಿಮೆಯ ದಿನ. ತೋಟಗಾರನೊಬ್ಬ ತೋಟದಲ್ಲಿರುವುದು ಅವಳಿಗೆ ಸಹಜವಾಗಿಯೇ ಕಂಡಿತು.

ನೀವು ಪತ್ರದಲ್ಲಿ ಕೇಳದೆ ಬಿಟ್ಟ ಒಂದು ವಿಷಯವಿದೆ: ನಿಮ್ಮ ವಿಶ್ರಾಂತಿ. ಕಸಬರಿಗೆ ಮುಟ್ಟದ ಆ ಬೆಟಗೇರಿಯ ಮನೆಯಲ್ಲಿ ಭಾನುವಾರದ ಅಡುಗೆ ಯಾರು ಮಾಡುತ್ತಿದ್ದರೆಂದು ಅತ್ತೆಯವರನ್ನು ಮೆಲ್ಲಗೆ ಕೇಳಿ ನೋಡಿ. ಶನಿವಾರ ಸಂಜೆಯೇ ಹುಳಿ ಮಾಡಿಟ್ಟು, ಖಡಕ್ ರೊಟ್ಟಿ ಡಬ್ಬಿಯಲ್ಲಿದ್ದು, ಮಧ್ಯಾಹ್ನದ ಪಾತ್ರೆಗಳನ್ನು ಗಂಡಸರು ತೊಳೆದರೆ ಆ ದಿನ ನಿಮಗೂ ಬರುತ್ತದೆ. ಮೇ ತಿಂಗಳಲ್ಲಿ ನಿಮ್ಮ ಹಳ್ಳಿಯ ದಾರಿಬದಿಯ ಶಿಲುಬೆಯ ಬಳಿ ನೆರೆಯವರು ಲದೈನ್ ಎಂಬ ಪ್ರಾರ್ಥನೆ ಹಾಡಲು ಸೇರುತ್ತಾರೆ, ಕರೆದರೆ ಹೋಗಿ. ಪಂಥ ಬೇರೆ ಎಂದು ಹಿಂಜರಿಯಬೇಡಿ, ಬೇಯಿಸಿದ ಕಡಲೆ ಎಲ್ಲರಿಗೂ ಕೊಡುತ್ತಾರೆ.

ಆ ನೆರೆಯವರ ಭಟ್ಟಿಯ ಪ್ರಶ್ನೆ ಉಳಿಯಿತು. ಬೀಜ ಕಿತ್ತುಕೊಂಡ ಮೇಲೆ ಹಣ್ಣು ನಿಮಗೆ ಹೊರೆ. ಒಂದಿಷ್ಟನ್ನು ದನ ತಿನ್ನುತ್ತದೆ, ಒಂದಿಷ್ಟನ್ನು ಮಕ್ಕಳು ಉಪ್ಪು ಹಚ್ಚಿ ತಿನ್ನುತ್ತಾರೆ, ಉಳಿದದ್ದು ಕೊಳೆಯುತ್ತದೆ. ಅವರಿಗೆ ಅದು ಮೊದಲು ಉರ್ರಾಕ್, ಮತ್ತೆ ಬಟ್ಟಿ ಇಳಿಸಿದರೆ ಫೆನಿ, ಇಡೀ ವರ್ಷದ ಜೀವನೋಪಾಯದ ಒಂದು ಪಾಲು. ನಿಮ್ಮ ಮನೆಯ ವ್ರತ ನಿಮ್ಮ ಬಾಯಿಗೆ ಸಂಬಂಧಿಸಿದ್ದು, ಮರಕ್ಕಲ್ಲ. ಆದರೆ ಇದು ಸಂಪಾದಕನ ಅಭಿಪ್ರಾಯ ಮಾತ್ರ. ಇದೊಂದು ವಿಷಯದಲ್ಲಿ ಅತ್ತೆಯವರ ಮನಸ್ಸು ಒಪ್ಪದಿದ್ದರೆ ಒತ್ತಾಯಿಸಬೇಡಿ, ಹಣ್ಣನ್ನು ಗೊಬ್ಬರದ ಗುಂಡಿಗೆ ಹಾಕಿ. ಕೊಡುವುದಾದರೆ ಹಣಕ್ಕೆ ಕೊಡಬೇಡಿ. ತೆಂಗಿನಕಾಯಿ ಇಳಿಸುವ ಪಾಡೇಲಿ ಈ ಸೀಸನ್ನಿನಲ್ಲಿ ಹೊಸಬರಿಗೆ ಸುಲಭವಾಗಿ ಸಿಗುವುದಿಲ್ಲ. ಅವನನ್ನು ಒಂದು ದಿನ ನಿಮ್ಮ ಮನೆಗೂ ಕಳುಹಿಸಿಕೊಡಿ ಎಂದು ಆ ಹಿರಿಯರನ್ನೇ ಕೇಳಿ. ಶನಿವಾರವಾದರೆ ಒಳ್ಳೆಯದು.

— ಸಂಪಾದಕ