ರಾತ್ರಿ ದೂರದ ಯಕ್ಷಗಾನ ಆಟದ ಚೆಂಡೆ ಮನೆವರೆಗೂ ಕೇಳುತ್ತದೆ, ಹಾಡಿನ ಪದ ಮಾತ್ರ ಕೇಳುವುದಿಲ್ಲ. ಯಾಕೆ?

ಮುಳ್ಳೇರಿಯದ ನೆಂಟರ ಮನೆಯಲ್ಲಿ ಮಲಗಿದ್ದಾಗ ಗುಡ್ಡೆಯ ಆಚೆಯಿಂದ ಚೆಂಡೆ ಕೇಳಿತು, ಹಾಡುವ ಭಾಗವತರ ಪದ ತಿಳಿಯಲಿಲ್ಲ, ಹಗಲಾದರೆ ಆ ಕಡೆಯಿಂದ ಏನೂ ಕೇಳುವುದಿಲ್ಲ ಅಂತ ಬರೆದಿದ್ದೀರಿ. ನನ್ನ ಮನೆ ಬದಿಯಡ್ಕದ ಕಡೆ. ನಮ್ಮಜ್ಜ ಜಗಲಿಯಲ್ಲಿ ಅಡ್ಡಾಗಿ, ಬರೀ ಚೆಂಡೆ ಕೇಳಿ "ಈಗ ಮಹಿಷಾಸುರ ಬಂದ" ಅನ್ನುತ್ತಿದ್ದರು. ಪದ ಅವರಿಗೂ ಕೇಳುತ್ತಿರಲಿಲ್ಲ.

ರಾತ್ರಿ ಗಲಾಟೆ ಕಡಿಮೆ, ಅದಕ್ಕೇ ಕೇಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಉತ್ತರ ಅಷ್ಟೆ. ರಾತ್ರಿ ಶಬ್ದ ಬರುವ ದಾರಿಯೇ ಬೇರೆ. 20 ಡಿಗ್ರಿ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ 0.6 ಮೀಟರಿನಷ್ಟು ಜಾಸ್ತಿ. ಇಷ್ಟರಿಂದ ಏನಾಗುತ್ತದೆ ಅನ್ನಬೇಡಿ. ಹಗಲು ನೆಲ ಕಾದಿರುತ್ತದೆ. ನೆಲಕ್ಕೆ ತಾಗಿದ ಗಾಳಿ ಬಿಸಿ, ಮೇಲಿನದು ತಂಪು. ಹಾಗಾಗಿ ಶಬ್ದದ ಅಲೆಯ ಕೆಳಭಾಗ ಮುಂದೆ ಹೋಗುತ್ತದೆ, ಮೇಲ್ಭಾಗ ಹಿಂದೆ ಉಳಿಯುತ್ತದೆ. ಜೋಡಿ ಎತ್ತಿನಲ್ಲಿ ಒಂದು ಬೇಗ ನಡೆದರೆ ಜೋಡಿ ನಿಧಾನದ ಎತ್ತಿನ ಕಡೆಗೆ ತಿರುಗುತ್ತದೆ ಅಲ್ವಾ? ಅಲೆಯೂ ಹಾಗೆಯೇ ಮೇಲಕ್ಕೆ ಬಾಗಿ, ನಿಮ್ಮ ತಲೆ ಮೇಲಿಂದ ಹೋಗಿಬಿಡುತ್ತದೆ. ಮೋಡವಿಲ್ಲದ ಚಳಿ ರಾತ್ರಿಯಲ್ಲಿ ಇದು ತಲೆಕೆಳಗು. ನೆಲ ತಣಿದು ಬೈಲಿನಲ್ಲಿ ತಂಪು ಗಾಳಿ ನಿಂತಿರುತ್ತದೆ, ಮೇಲೆ ಸ್ವಲ್ಪ ಬೆಚ್ಚಗೆ. ಮೇಲೆ ಹೊರಟ ಶಬ್ದ ಬಾಗಿ ಗುಡ್ಡೆ ದಾಟಿ ನಿಮ್ಮ ಅಂಗಳಕ್ಕೆ ಇಳಿಯುತ್ತದೆ. ನಮ್ಮಲ್ಲಿ ಆಟಗಳು ಜಾಸ್ತಿ ಇರುವುದೂ ಅಂಥ ತಿಂಗಳುಗಳಲ್ಲೇ. ಗಾಳಿ ಆ ಕಡೆಯಿಂದ ಬೀಸುತ್ತಿದ್ದರೆ ಇನ್ನೂ ಚೆನ್ನ.

ಆದರೂ ಬಂದು ಮುಟ್ಟುವುದು ಬಹಳ ಸ್ವಲ್ಪ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದದ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ರಂಗಸ್ಥಳದಿಂದ 10 ಮೀಟರ್ ದೂರದಲ್ಲಿ ಕೂತವರಿಗೆ ಸಿಗುವುದರ 40,000ದಲ್ಲಿ ಒಂದು ಪಾಲು ಮಾತ್ರ 2 ಕಿಲೋಮೀಟರ್ ಆಚೆಗೆ ಸಿಗುತ್ತದೆ. ಅದೂ ಸುಮಾರು 6 ಸೆಕೆಂಡ್ ತಡವಾಗಿ. ನೀವು ಕೇಳುವ ಹೊತ್ತಿಗೆ ವೇಷ ಇನ್ನೊಂದು ಸುತ್ತು ಧೀಂಗಿಣ (ತಿರುಗುತ್ತ ಹಾರುವ ಕುಣಿತ) ಹಾರಿ ಆಗಿರುತ್ತದೆ! (ಕುಂಬಳೆ ಬೆಡಿಗೆ, ಅಂದರೆ ಜಾತ್ರೆಯ ಸಿಡಿಮದ್ದಿಗೆ, ಹೋದವರಿಗೆ ಗೊತ್ತು, ದೂರ ನಿಂತರೆ ಮೊದಲು ಬೆಳಕು, ಆಮೇಲೆ ಸದ್ದು.) ಇಷ್ಟು ಸಣ್ಣ ಶಬ್ದವೂ ಕಿವಿಗೆ ಸಾಕು. ಕೇಳಿಯೂ ಕೇಳದಂಥ ಸದ್ದಿಗಿಂತ ಕಿವಿ ನೋಯಿಸುವ ಸದ್ದಿನ ಬಲ ಸುಮಾರು ಲಕ್ಷ ಕೋಟಿ ಪಟ್ಟು ಜಾಸ್ತಿ. ಎರಡನ್ನೂ ಇದೇ ಕಿವಿ ಕೇಳುತ್ತದೆ.

ಹಾಗಾದರೆ ಪದ ಎಲ್ಲಿ ಹೋಯಿತು? ಗಾಳಿ ಎಲ್ಲ ಶಬ್ದವನ್ನೂ ಒಂದೇ ಸಮ ತಿನ್ನುವುದಿಲ್ಲ. ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವುದನ್ನು ಹರ್ಟ್ಸ್‌ನಲ್ಲಿ ಹೇಳುತ್ತಾರೆ. ನಮಗೆ ಕೇಳುವುದು ಹೆಚ್ಚುಕಡಿಮೆ 20ರಿಂದ 20,000 ಹರ್ಟ್ಸ್. ಮೇಲಿನ ಕೀರಲು ಶಬ್ದಗಳನ್ನು ಗಾಳಿ ಬೇಗ ನುಂಗುತ್ತದೆ. ಮಾತಿನಲ್ಲಿ ಆ, ಓ ಮುಂತಾದ ಸ್ವರಗಳಿಗೆ ಬಲ ಇದೆ, ಅವು ಕೆಳಗಿನವು. ಸ, ಶ, ತ, ಕ ಸಪೂರ, ಮೇಲಿನವು. ದಾರಿಯಲ್ಲಿ ಇವು ಮೊದಲು ಹೋಗುತ್ತವೆ. ಇವಿಲ್ಲದಿದ್ದರೆ ರಾಗ ಉಳಿದೀತು, ಸಾಹಿತ್ಯ ಉಳಿಯುವುದಿಲ್ಲ. ಚಕ್ರತಾಳದ ಝಣಝಣವೂ ಹಾಗೆಯೇ ಮಾಯ. ಚೆಂಡೆ ಕೂಡ ಪೂರ್ತಿ ಬರುವುದಿಲ್ಲ. ಎದುರು ಕೂತಾಗ ಚಟಚಟ ಅನ್ನುವುದು ದೂರಕ್ಕೆ ಮಂದವಾಗಿ ಬರುತ್ತದೆ. ಆದರೆ ಒಂದೊಂದು ಪೆಟ್ಟೂ ಜೋರು, ಥಟ್ಟನೆ ಶುರುವಾಗುವುದು. ಲಯ ಹಿಡಿಯಲು ಅಷ್ಟು ಸಾಕು. ಅಜ್ಜ ಮಹಿಷಾಸುರನನ್ನು ಹಿಡಿಯುತ್ತಿದ್ದದ್ದು ಹಾಗೆ. ಈಗ ಮೈಕ್ ಇದೆ ನಿಜ, ಆದರೆ ಮೈಕ್ ಬಂದರೂ ಗಾಳಿ ಅದೇ ತಾನೆ?

ವಯಸ್ಸಾದ ಮೇಲೆ ಕಿವಿಯೂ ಇದೇ ಕೆಲಸ ಮಾಡುತ್ತದೆ. ಒಳಗಿವಿಯಲ್ಲಿ ಬಸವನಹುಳದ ಚಿಪ್ಪಿನ ಹಾಗೆ ಸುರುಳಿ ಇದೆ. ಅದರ ಬಾಗಿಲ ಹತ್ತಿರದ ಕೂದಲಿನಂಥ ಕೋಶಗಳು ಕೀರಲು ಶಬ್ದಕ್ಕೆ, ತುದಿಯವು ದಪ್ಪ ಶಬ್ದಕ್ಕೆ. ಮೊದಲು ಸವೆಯುವುದು ಬಾಗಿಲ ಹತ್ತಿರದವು. ಹೋದವು ಮತ್ತೆ ಹುಟ್ಟುವುದಿಲ್ಲ. ಅಜ್ಜನಿಗೆ ಎಂಬತ್ತು ದಾಟಿದ ಮೇಲೂ ಗುಡ್ಡೆಯಾಚೆಯ ಚೆಂಡೆ ಕೇಳುತ್ತಿತ್ತು. ಒಂದು ರಾತ್ರಿ, ಜೀರುಂಡೆ ಗಲಾಟೆಯಲ್ಲಿ ಚೆಂಡೆ ಸರಿಯಾಗಿ ಕೇಳುವುದಿಲ್ಲ ಅಂತ ನಾನು ಗೊಣಗಿದೆ. ಅಜ್ಜ ನನ್ನ ಮುಖ ನೋಡಿ ಕೇಳಿದರು: "ಎಲ್ಲಿಯ ಜೀರುಂಡೆ ಮಾರಾಯ?"