ನಿಮ್ಮ ಮೂರನೇ ಪ್ಯಾರಾದಲ್ಲಿ ಜೀವಕೋಶಗಳು ಯಾಕೆ ಸತ್ತವು?

ನಮಸ್ಕಾರ.

ಜೀವಕೋಶದ ಮುಪ್ಪಿಗೂ ಹೆಂಗಸರ ಶ್ರೋಣಿ ತಳದ (ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಕೆಳಗಿನಿಂದ ಹೊತ್ತ ಸ್ನಾಯು-ರಜ್ಜುಗಳ) ತೊಂದರೆಗಳಿಗೂ ಇರುವ ನಂಟಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆ ಸರಾಗ. ಕೆಮ್ಮಿದಾಗ, ನಕ್ಕಾಗ ಮೂತ್ರ ಸೋರುವುದನ್ನು ಮುಜುಗರವಿಲ್ಲದೆ ಬರೆದಿದ್ದೀರಿ. ಹೊಗಳಿಕೆ ಇಷ್ಟು ಸಾಕು. ಮೂರನೇ ಪ್ಯಾರಾಕ್ಕೆ ಬಂದಾಗ ನನಗೆ ನಿಜವಾಗಿಯೂ ಸಿಟ್ಟು ಬಂತು. ಅದರ ಮೂರು ವಾಕ್ಯಗಳನ್ನು ಇಲ್ಲೇ ಇಳಿಸುತ್ತೇನೆ:

“ವಯಸ್ಸಾದಂತೆ ಜೀವಕೋಶಗಳು ದಣಿದು ಒಂದೊಂದಾಗಿ ಸಾಯುತ್ತವೆ. ಇದರಿಂದ ಶ್ರೋಣಿ ತಳ ಸಡಿಲಗೊಂಡು ಗರ್ಭಕೋಶ ಜಾರುತ್ತದೆ. ಗರ್ಭಕೋಶ ಜಾರಿದವರ ಅಂಗಾಂಶದಲ್ಲಿ ಮುಪ್ಪಾದ ಜೀವಕೋಶಗಳು ಹೆಚ್ಚಾಗಿ ಕಂಡಿರುವುದೇ ಇದಕ್ಕೆ ಸಾಕ್ಷಿ.”

ಮೊದಲ ವಾಕ್ಯ. ಅವು ಸಾಯುವುದಿಲ್ಲ, ತೊಂದರೆ ಇರುವುದೇ ಅಲ್ಲಿ. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಪ್ರಯೋಗಾಲಯದಲ್ಲಿ ಬೆಳೆಸಿದ, ಮನುಷ್ಯರ ಅಂಗಾಂಶದ ಜೀವಕೋಶಗಳಾದ ಫೈಬ್ರೋಬ್ಲಾಸ್ಟ್‌ಗಳು ಸುಮಾರು 40ರಿಂದ 60 ಸಲ ಇಮ್ಮಡಿಯಾಗಿ, ಆಮೇಲೆ ನಿಂತುಬಿಟ್ಟವು. ವಿಭಜನೆ ನಿಂತಿತು, ಉಸಿರು ನಿಲ್ಲಲಿಲ್ಲ. ಸತ್ತ ಜೀವಕೋಶವನ್ನು ದೇಹ ಗುಡಿಸಿ ಹಾಕುತ್ತದೆ. ಮುಪ್ಪಾದದ್ದು ಹಾಗಲ್ಲ, ಬಾಡಿಗೆಯನ್ನೂ ಕೊಡದೆ ಮನೆಯನ್ನೂ ಬಿಡದೆ ಗೋಡೆ ಕೆರೆಯುತ್ತ ಕೂತ ಬಾಡಿಗೆದಾರನ ಹಾಗೆ ಅಲ್ಲೇ ಉಳಿದುಬಿಡುತ್ತದೆ. ಉಳಿದು ಸುಮ್ಮನಿರುವುದೂ ಇಲ್ಲ. ಇಂಟರ್‌ಲ್ಯೂಕಿನ್-6ರಂಥ ಉರಿಯೂತದ ಸಂಕೇತಗಳನ್ನು ಹೊರಸೂಸುತ್ತದೆ. ಅಂಗಾಂಶಕ್ಕೆ ಬಲ ಕೊಡುವ ಕೊಲಾಜೆನ್ ಎಳೆಗಳನ್ನು ಕತ್ತರಿಸುವ ಮೆಟಲೊಪ್ರೊಟೀನೇಸ್ ಕಿಣ್ವಗಳನ್ನು ಬಿಡುತ್ತದೆ. ಪಕ್ಕದ ಆರೋಗ್ಯವಂತ ಜೀವಕೋಶಗಳನ್ನೂ ಮುಪ್ಪಿಗೆ ದೂಡುತ್ತದೆ.

ಈಗ ಯೋಚಿಸಿ, ಕೊಲಾಜೆನ್ ನೇಯುವುದು ಯಾರ ಕೆಲಸ? ಅದೇ ಫೈಬ್ರೋಬ್ಲಾಸ್ಟ್‌ನದು. ನೇಯಬೇಕಾದದ್ದೇ ಕತ್ತರಿಸಲು ಕೂರುತ್ತದೆ. ನಿಮ್ಮ ಲೇಖನದ ಜೀವ ಇರುವುದು ಇಲ್ಲಿ, ನೀವು “ದಣಿದು ಸಾಯುತ್ತವೆ” ಎಂದು ಎರಡು ಪದದಲ್ಲಿ ಅದರ ಅಂತ್ಯಕ್ರಿಯೆ ಮುಗಿಸಿದ್ದೀರಿ.

ಎರಡನೇ ವಾಕ್ಯ. ಸಡಿಲಗೊಂಡದ್ದು ಏನು? ನಾನು ಕೆಲಸ ಕಲಿತದ್ದು ಒಂದು ಪತ್ರಿಕೆಯ ವಿಜ್ಞಾನ ಪುಟದಲ್ಲಿ. ಅಲ್ಲಿನ ಹಿರಿಯ ಉಪಸಂಪಾದಕರಿಗೆ ಒಂದು ಹುಚ್ಚಿತ್ತು. ದೇಹದ ಬಗ್ಗೆ ಏನೇ ಬರೆದು ಕೊಟ್ಟರೂ ಹಾಳೆ ಮಗುಚಿ, ಪೆನ್ಸಿಲ್ ಮುಂದೆ ತಳ್ಳಿ “ಚಿತ್ರ ಬರಿ” ಎನ್ನುತ್ತಿದ್ದರು. ಚಿತ್ರ ಚೆಂದವಿರಬೇಕಾಗಿರಲಿಲ್ಲ. ವಾಕ್ಯದಲ್ಲಿ ಬಂದ ಪ್ರತಿಯೊಂದಕ್ಕೂ ಹಾಳೆಯ ಮೇಲೆ ಒಂದು ಜಾಗ ಇರಬೇಕಿತ್ತು, ಅಷ್ಟೆ. ಜಾಗ ಸಿಗದ ಪದವನ್ನು ಅವರೇ ಹೊಡೆದುಹಾಕುತ್ತಿದ್ದರು. ಅವರು ಮಧ್ಯಾಹ್ನ ಎದ್ದು ಹೊರಗೆ ಹೋಗುವುದನ್ನೇ ಕಾದು ನಾವು ಕಿರಿಯರು ಲೇಖನಗಳನ್ನು ಅಚ್ಚಿಗೆ ದಾಟಿಸಲು ನೋಡುತ್ತಿದ್ದೆವು. ಒಮ್ಮೆಯೂ ದಾಟಲಿಲ್ಲ, ಕರಡು ತಿದ್ದುವವರು ಅವರ ಕಡೆಯವರು.

ನೀವೂ ಬರೆಯಿರಿ. ಮುಂದೆ ಪ್ಯೂಬಿಕ್ ಮೂಳೆ, ಹಿಂದೆ ಬಾಲದ ಮೂಳೆ, ನಡುವೆ ಉಯ್ಯಾಲೆಯಂತೆ ಲೆವೇಟರ್ ಏನೈ ಸ್ನಾಯು. ಅದರ ಮೇಲೆ ಮೂತ್ರಕೋಶ, ಗರ್ಭಕೋಶ, ಗುದನಾಳ. ಗರ್ಭಕೋಶದ ಕೊರಳನ್ನು ಹಿಂದಕ್ಕೆ, ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯ ಕಡೆಗೆ ಎಳೆದು ಹಿಡಿದ ಯುಟಿರೋಸೇಕ್ರಲ್ ರಜ್ಜುಗಳು. ಯೋನಿಯ ಗೋಡೆಯಲ್ಲಿ ಕೊಲಾಜೆನ್ ಮತ್ತು ಹಿಗ್ಗಿ ಕುಗ್ಗುವ ಎಲಾಸ್ಟಿನ್ ಎಳೆಗಳು. ಬರೆದ ಮೇಲೆ ಹೇಳಿ, ಮುಪ್ಪಾದ ಜೀವಕೋಶ ಎಲ್ಲಿ ಕೂತಿದೆ? ರಜ್ಜುವಿನಲ್ಲಿ ಕೂತರೆ ಹೆಣಿಗೆ ತೆಳುವಾಗುತ್ತದೆ. ಸ್ನಾಯುವಿನದು ಬೇರೆ ಕತೆ: ಗಾಯವಾದಾಗ ಹೊಸ ಸ್ನಾಯು ಕಟ್ಟಬೇಕಾದ ಸ್ಯಾಟಲೈಟ್ ಕೋಶಗಳೇ ಮುಪ್ಪಾದರೆ ರಿಪೇರಿ ಅರ್ಧಕ್ಕೆ ನಿಂತು, ಸ್ನಾಯು ಇರಬೇಕಾದಲ್ಲಿ ನಾರು ಮತ್ತು ಕೊಬ್ಬು ಸೇರಿಕೊಳ್ಳುತ್ತವೆ. ಇವೆರಡನ್ನೂ “ಸಡಿಲ” ಎಂಬ ಒಂದೇ ಚೀಲಕ್ಕೆ ತುಂಬಿದ್ದೀರಿ.

ಮೂರನೇ ವಾಕ್ಯ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. ಮುಪ್ಪಾದ ಜೀವಕೋಶಗಳು ಕಂಡದ್ದು ನಿಜ. ಆದರೆ ಆ ಅಂಗಾಂಶ ಬಂದದ್ದು ಎಲ್ಲಿಂದ? ಹೆಚ್ಚಿನ ಪಾಲು ಶಸ್ತ್ರಚಿಕಿತ್ಸೆಯ ಮೇಜಿನಿಂದ. ಅಂದರೆ ಗರ್ಭಕೋಶ ಜಾರಿ, ರಜ್ಜುಗಳು ವರ್ಷಗಟ್ಟಲೆ ಎಳೆದಾಡಿದ ಮೇಲೆ. ಎಳೆತವೇ ಫೈಬ್ರೋಬ್ಲಾಸ್ಟ್‌ಗಳಿಗೆ ಮುಪ್ಪು ತರಬಲ್ಲದು ಎಂದು ಪ್ರಯೋಗಾಲಯದ ಕೆಲಸ ತೋರಿಸಿದೆ. ಹಾಗಿದ್ದರೆ ಮುಪ್ಪು ಬಂದು ಜಾರಿತೋ, ಜಾರಿದ್ದಕ್ಕೆ ಮುಪ್ಪು ಬಂತೋ? ಎರಡೂ ಒಂದನ್ನೊಂದು ತಳ್ಳುತ್ತಿರಬಹುದು. ಒಂದೇ ಗಳಿಗೆಯಲ್ಲಿ ತೆಗೆದ ತುಣುಕು ಈ ಪ್ರಶ್ನೆಗೆ ಉತ್ತರ ಹೇಳಲಾರದು. ಅದನ್ನು ಸಾಕ್ಷಿಕಟ್ಟೆಗೆ ಹತ್ತಿಸಿದವರು ನೀವು.

ಇನ್ನೊಂದು ಕಡೆಯಿಂದ ನೋಡಿ. ಎಲಾಸ್ಟಿನ್ ಎಳೆಗಳನ್ನು ಬೆಸೆಯುವ ಲಾಕ್ಸ್‌ಎಲ್-1 ಎಂಬ ಕಿಣ್ವವಿಲ್ಲದ ಇಲಿಗಳಲ್ಲಿ ಮರಿ ಹಾಕಿದ ಮೇಲೆ ಅಂಗಗಳು ಜಾರುವುದನ್ನು 2004ರಲ್ಲಿ ವರದಿ ಮಾಡಿದರು. ಅವೇನು ಮುದಿ ಇಲಿಗಳಲ್ಲ. ಹೆರಿಗೆಯ ನಂತರ ಎಲಾಸ್ಟಿನ್ ಮತ್ತೆ ಕಟ್ಟಲಾಗದ್ದೇ ಅವುಗಳ ಕಷ್ಟ. ಹೆರಿಗೆಯಲ್ಲಿ ಲೆವೇಟರ್ ಏನೈನ ಒಳ ಅಂಚು ಮೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ ಎಂದು ಕಂಪ್ಯೂಟರ್ ಮಾದರಿಗಳು ಹೇಳುತ್ತವೆ. ಕೆಲವರಲ್ಲಿ ಮೂಳೆಯಿಂದ ಕಿತ್ತೇ ಬರುತ್ತದೆ. ಹಾಗಾಗಿ ಅಂದು ಎಷ್ಟು ಹರಿಯಿತು ಎಂಬುದರ ಜೊತೆಗೆ ಆಮೇಲೆ ಎಷ್ಟು ಸರಿಹೋಯಿತು ಎಂದೂ ಕೇಳಬೇಕು. ಮುಪ್ಪಾದ ಜೀವಕೋಶ ಕೈಹಾಕುವುದು ಈ ರಿಪೇರಿಗೆ. ಇಪ್ಪತ್ತೈದರಲ್ಲಿ ಆದ ಗಾಯ ಅರವತ್ತರಲ್ಲಿ ಯಾಕೆ ತೋರುತ್ತದೆ ಎಂದು ಅರ್ಥವಾಗಬೇಕಾದರೆ ಈ ಕೊಂಡಿ ಬೇಕು, ನಿಮ್ಮಲ್ಲಿ ಹೆರಿಗೆಗೆ ಸಿಕ್ಕಿದ್ದು ಅರ್ಧ ಸಾಲು.

ನೀವೇ ಕೊಟ್ಟ ಅಂಕಿ ನಿಮ್ಮ ವಾದವನ್ನು ಪ್ರಶ್ನಿಸುತ್ತದೆ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ 80 ದಾಟಿದ ಹೆಂಗಸರಲ್ಲಿ ಶೇ. 49.7 ಮಂದಿಗೆ ಇಂಥ ಒಂದಾದರೂ ತೊಂದರೆ ಇತ್ತು, ಸರಿ. ಅದೇ ಸಮೀಕ್ಷೆಯಲ್ಲಿ 20ರಿಂದ 39ರವರಲ್ಲಿ ಶೇ. 9.7 ಇತ್ತು. ಅದನ್ನು ಬಿಟ್ಟಿರಿ. ಎಂಬತ್ತು ದಾಟಿದವರಲ್ಲೂ ಅರ್ಧದಷ್ಟು ಮಂದಿ ತೊಂದರೆಯಿಲ್ಲದೆ ಇದ್ದಾರಲ್ಲ, ಅವರ ಜೀವಕೋಶಗಳಿಗೆ ವಯಸ್ಸಾಗಲಿಲ್ಲವೇ? ಹೆರಿಗೆ, ಮುಟ್ಟು ನಿಂತ ಮೇಲೆ ಇಳಿಯುವ ಈಸ್ಟ್ರೋಜನ್, ದೇಹದ ತೂಕ, ಹಳೆಯ ಕೆಮ್ಮು, ಮಲಬದ್ಧತೆ, ಮನೆತನದ ಗುಣ ಎಲ್ಲ ಸೇರಿ ಎಳೆಯುವ ಹಗ್ಗದಲ್ಲಿ ಜೀವಕೋಶದ ಮುಪ್ಪು ಒಂದು ಕೈ. ದೊಡ್ಡ ಕೈಯೇ ಇರಬಹುದು. ಅಷ್ಟೇ ಬರೆಯಿರಿ, ಲೇಖನ ಚಿಕ್ಕದಾಗುವುದಿಲ್ಲ.

ಉಳಿದದ್ದರ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ವರ್ಣತಂತುಗಳ ತುದಿಯ ಟೆಲೊಮಿಯರ್ ಬಗೆಗಿನ ಪ್ಯಾರಾ ಉದ್ದವಾಯಿತು. ಆರ್ನಾಲ್ಡ್ ಕೆಗೆಲ್ 1948ರಲ್ಲಿ ಬರೆದ ಶ್ರೋಣಿ ತಳದ ವ್ಯಾಯಾಮದ ಭಾಗ ಚೆನ್ನಾಗಿದೆ, ಇರಲಿ. ಮುಪ್ಪಾದ ಜೀವಕೋಶಗಳನ್ನು ಕೊಲ್ಲುವ ಗುಳಿಗೆ ಬರಲಿದೆ ಎಂಬ ಕೊನೆಯ ಪ್ಯಾರಾ ತೆಗೆಯಿರಿ. ಆ ಔಷಧಗಳು ಇನ್ನೂ ಪರೀಕ್ಷೆಯ ಹಂತದಲ್ಲಿವೆ, ಗರ್ಭಕೋಶ ಜಾರುವುದಕ್ಕೆ ಅವನ್ನು ಯಾರೂ ಬರೆದುಕೊಡುವ ಹಾಗಿಲ್ಲ. ಓದಿದವರು ಔಷಧದಂಗಡಿಗೆ ಹೋಗಿ ಕೇಳುತ್ತಾರೆ, ಆಮೇಲೆ ಪತ್ರ ಬರುವುದು ನನಗೆ.

ಮೂರನೇ ಪ್ಯಾರಾವನ್ನು ಹೊಸದಾಗಿ ಬರೆದು ಕಳಿಸಿ. ಜೊತೆಗೆ ಆ ಚಿತ್ರವನ್ನೂ ಲಗತ್ತಿಸಿ. ಅಚ್ಚು ಹಾಕುವುದಿಲ್ಲ, ನಾನು ನೋಡಬೇಕು.